ಎಂ.ಡಿ.ಯನ್ನೇ ಕಟಕಟೆಗೆ ಕರೆಸಬಹುದಾ?

ಪ್ರಶ್ನೆ: ನಾನು ಒಂದು ಸಣ್ಣ ಅಕ್ಕಿ ಗಿರಣಿ ನಡೆಸುತ್ತೇನೆ. ಕಳೆದ ಸಲ ವಿದ್ಯುತ್ ದರದ ಸಾರ್ವಜನಿಕ ವಿಚಾರಣೆಗೆ ಹೋಗಿದ್ದೆ. ಪಂಪ್‌ಸೆಟ್‌ಗಳಿಗೆ ಇಷ್ಟು ಕರೆಂಟು ಹೋಯಿತು ಅಂತ ಕಂಪನಿ ತೋರಿಸಿದ ಲೆಕ್ಕ ನನಗೆ ಸರಿ ಕಾಣಲಿಲ್ಲ. ಮೈಕ್ ಹಿಡಿದು ಕೇಳಿದೆ. ಅಲ್ಲಿದ್ದ ಅಧಿಕಾರಿ ‘ಪರಿಶೀಲಿಸಿ ಉತ್ತರ ಕೊಡ್ತೀವಿ’ ಅಂದರು. ಅಷ್ಟಕ್ಕೇ ಮುಗೀತು. ವಿದ್ಯುತ್ ದರ ನಿಗದಿ ಮಾಡುವ ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ ಅಂತ ಕೇಳಿದ್ದೇನೆ. ಹಾಗಿದ್ದರೆ ಕಂಪನಿಯ ಎಂ.ಡಿ.ಗೆ (ವ್ಯವಸ್ಥಾಪಕ ನಿರ್ದೇಶಕರಿಗೆ) ಸಮನ್ಸ್ ಕೊಡಿಸಿ, ಪ್ರಮಾಣ ಮಾಡಿಸಿ, ಪಾಟಿ ಸವಾಲು ಹಾಕೋಕೆ ನನಗೆ ಆಗಲ್ವಾ? ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಳಿಯ, ಅಲ್ಲಿ ಹಾಗೇ ಮಾಡ್ತಾರೆ ಅನ್ನುತ್ತಾನೆ.

ಉತ್ತರ: ಕರೆಸಬಹುದು. ಆದರೆ ಕರೆಸುವ ಅಧಿಕಾರ ಆಯೋಗದ್ದು. ‘ಇಂಥವರನ್ನು, ಇಂಥ ಕಾರಣಕ್ಕೆ ಕರೆಸಿ’ ಅಂತ ಅರ್ಜಿ ಹಾಕುವುದಷ್ಟೇ ನಿಮ್ಮ ಕೈಲಿದೆ. ಆಯೋಗ ಒಪ್ಪಲೂಬಹುದು, ಬಿಡಲೂಬಹುದು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ಎಂ.ಡಿ. ಬಂದು ನಿಂತರೂ ಪ್ರಯೋಜನ ಕಡಿಮೆ. ಅವರಿಂದ ನಿಮಗೆ ಸಿಗುವುದು ಇನ್ನೊಂದು ‘ಪರಿಶೀಲಿಸಿ ಹೇಳ್ತೀವಿ’. ಅದೇ ಒಂದು ಸಬ್‌ಸ್ಟೇಷನ್ನಿನಲ್ಲಿ ಗಂಟೆ ಗಂಟೆಗೂ ಕರೆಂಟಿನ ಲೆಕ್ಕ ಬರೆಯುವ ಲಾಗ್‌ಬುಕ್ ಆಯೋಗದ ಮೇಜಿನ ಮೇಲೆ ಬಂದರೆ ಅಂಕಿ ಸಿಗುತ್ತದೆ. ಇಂಥ ವಿಚಾರಣೆಗಳಲ್ಲಿ ಸುಮಾರು ವರ್ಷ ಕೂತು ನಾನು ಕಲಿತದ್ದು ಇದು: ಮನುಷ್ಯನನ್ನು ಕರೆಸುವ ಮೊದಲು ಕಾಗದವನ್ನು ಕರೆಸಿ.

ಮೊದಲು ಅಧಿಕಾರದ ವಿಷಯ. ನೀವು ಕೇಳಿರುವುದು ವಿದ್ಯುತ್ ಕಾಯ್ದೆ 2003ರ 94ನೇ ಕಲಂ ಬಗ್ಗೆ. ಕೆಲವು ಕೆಲಸಗಳಿಗೆ ಆಯೋಗಕ್ಕೆ ಸಿವಿಲ್ ಕೋರ್ಟಿಗಿರುವಷ್ಟೇ ಅಧಿಕಾರ ಇದೆ ಅನ್ನುತ್ತದೆ ಅದು. ಯಾರನ್ನಾದರೂ ಸಮನ್ಸ್ ಕೊಟ್ಟು ಕರೆಸಿ ಪ್ರಮಾಣದ ಮೇಲೆ ವಿಚಾರಿಸುವುದು, ದಾಖಲೆ ಹಾಜರುಪಡಿಸಿ ಅನ್ನುವುದು, ಅಫಿಡವಿಟ್ ಮೇಲೆ ಸಾಕ್ಷ್ಯ ತೆಗೆದುಕೊಳ್ಳುವುದು, ಸರ್ಕಾರಿ ಕಡತ ತರಿಸುವುದು, ಬರಲಾಗದ ಸಾಕ್ಷಿಯ ಹತ್ತಿರಕ್ಕೆ ಕಮಿಷನರ್ ಒಬ್ಬರನ್ನು ಕಳಿಸಿ ಹೇಳಿಕೆ ಪಡೆಯುವುದು, ತನ್ನ ಆದೇಶವನ್ನು ತಾನೇ ಮರುಪರಿಶೀಲಿಸುವುದು. ಇದೇ ಕಲಂನಲ್ಲಿ ಜನ ಗಮನಿಸದ ಇನ್ನೊಂದು ಸಾಲಿದೆ. ಗ್ರಾಹಕರ ಪರವಾಗಿ ಮಾತಾಡಲು ಆಯೋಗ ತನಗೆ ಸರಿ ಕಂಡ ಯಾರನ್ನಾದರೂ ನೇಮಿಸಬಹುದು.

ಸಿವಿಲ್ ಕೋರ್ಟಿನ ಅಧಿಕಾರ ಇರುವುದೇ ಬೇರೆ, ಸಿವಿಲ್ ಕೋರ್ಟು ಆಗಿರುವುದೇ ಬೇರೆ. ಪಕ್ಕದ ಮನೆಯಿಂದ ಏಣಿ ತಂದ ಹಾಗೆ ಅಂದುಕೊಳ್ಳಿ. ಅಟ್ಟ ಹತ್ತೋಕೆ ಸಾಕು, ಆದರೆ ಏಣಿ ನಮ್ಮದಲ್ಲ. ಆ ಕಲಂನಲ್ಲಿ ಹೇಳಿದ ಕೆಲಸಗಳಿಗೆ ಮಾತ್ರ ಆಯೋಗ ಆ ಏಣಿ ಬಳಸಬಹುದು.

ಈಗ ನೀವು ಹೋಗಿದ್ದ ಸಭೆಗೆ ಬರೋಣ. ನಮ್ಮಲ್ಲಿ ಆಯೋಗ ಶುರುವಾದದ್ದು 1999ರಲ್ಲಿ, ಕರ್ನಾಟಕ ವಿದ್ಯುತ್ ಸುಧಾರಣಾ ಕಾಯ್ದೆಯ ಅಡಿಯಲ್ಲಿ. ಹಳೇ ಕೆಇಬಿ ಒಡೆದು, ಆಮೇಲೆ ವಿತರಣೆಗೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಮೈಸೂರು ಅಂತ ಐದು ಕಂಪನಿಗಳಾದವು. ಈ ಕಂಪನಿಗಳು ತಾವೇ ದರ ಏರಿಸುವ ಹಾಗಿಲ್ಲ. ಅರ್ಜಿ ಹಾಕಬೇಕು. ಕಾಯ್ದೆಯ 64ನೇ ಕಲಂ ಪ್ರಕಾರ ಅರ್ಜಿ ಕೈಸೇರಿದ 120 ದಿನದೊಳಗೆ, ಜನರ ಸಲಹೆ ಆಕ್ಷೇಪಣೆಗಳನ್ನು ನೋಡಿ, ಆಯೋಗ ಆದೇಶ ಕೊಡಬೇಕು. ಏಪ್ರಿಲ್ 1ಕ್ಕೆ ಹೊಸ ದರ ಬರಬೇಕು ಅಂದರೆ ಹಿಂದಕ್ಕೆ ಎಣಿಸಿಕೊಳ್ಳಿ. ನವೆಂಬರ್ ಕೊನೆಗೆ ಅರ್ಜಿ, ಪತ್ರಿಕೆಗಳಲ್ಲಿ ಪ್ರಕಟಣೆ, ಆಕ್ಷೇಪಣೆಗೆ 30 ದಿನ, ಆಮೇಲೆ ಊರೂರಲ್ಲಿ ವಿಚಾರಣೆ.

ಆ ಸಭಾಂಗಣ ನಿಮಗೇ ಗೊತ್ತಲ್ಲ. ಎದುರಿಗೆ ಆಯೋಗದ ಅಧ್ಯಕ್ಷರು, ಸದಸ್ಯರು. ಒಂದು ಪಕ್ಕ ಕಂಪನಿಯವರು, ಅವರ ಹಿಂದೆ ದಪ್ಪ ದಪ್ಪ ಫೈಲು ಹಿಡಿದ ಅಕೌಂಟ್ಸ್ ವಿಭಾಗದವರು. ಮೊದಲು ಪರದೆ ಮೇಲೆ ಕಂಪನಿಯ ಲೆಕ್ಕ. ಆಮೇಲೆ ಆಕ್ಷೇಪಣೆ ಕೊಟ್ಟವರ ಹೆಸರು ಕೂಗುತ್ತಾರೆ. ಕೈಗಾರಿಕಾ ಸಂಘದವರು ಬರುತ್ತಾರೆ, ರೈತ ಸಂಘದವರು ಹಸಿರು ಶಾಲು ಹಾಕಿಕೊಂಡು ಬರುತ್ತಾರೆ, ಬಿಲ್ ಕೈಲಿ ಹಿಡಿದ ನಿವೃತ್ತ ಮೇಷ್ಟ್ರು ಬರುತ್ತಾರೆ. ಬರೆದು ಕೊಡದೇ ಇದ್ದವರಿಗೂ ಕೊನೆಯಲ್ಲಿ ಮಾತಾಡಲು ಬಿಡುವುದುಂಟು. ಯಾರಿಗೂ ಪ್ರಮಾಣ ಮಾಡಿಸುವುದಿಲ್ಲ. ಯಾರೂ ಯಾರಿಗೂ ಪಾಟಿ ಸವಾಲು ಹಾಕುವುದಿಲ್ಲ.

ಇದನ್ನು ನೋಡಿ ತುಂಬಾ ಜನ ‘ಇದೊಂದು ನಾಟಕ’ ಅಂತ ಎದ್ದು ಹೋಗುತ್ತಾರೆ. ನನಗೆ ಹಾಗನ್ನಿಸಿಲ್ಲ. ದರ ನಿಗದಿ ಅನ್ನುವುದು ಇಬ್ಬರ ನಡುವಿನ ವ್ಯಾಜ್ಯ ಅಲ್ಲ. ಇಲ್ಲಿ ಲಕ್ಷಾಂತರ ಜನರ ಜೇಬಿನ ಪ್ರಶ್ನೆ ಇದೆ. ಎಲ್ಲರಿಗೂ ಪಾಟಿ ಸವಾಲಿನ ಹಕ್ಕು ಕೊಟ್ಟರೆ 120 ದಿನ ಅಲ್ಲ, 120 ತಿಂಗಳೂ ಸಾಲುವುದಿಲ್ಲ. ಕೋಲ್ಕತ್ತದ ವಿದ್ಯುತ್ ಕಂಪನಿ ಮತ್ತು ಪಶ್ಚಿಮ ಬಂಗಾಳದ ಆಯೋಗದ ನಡುವಿನ ಕೇಸಿನಲ್ಲಿ ಈ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅಷ್ಟೊಂದು ಗ್ರಾಹಕರಿಗೆ ವಿಚಾರಣೆಯ ಹಕ್ಕು ಕೊಡುವುದು ಸರಿಯಲ್ಲ ಅನ್ನುವ ಧಾಟಿಯಲ್ಲಿ ಅಲ್ಲಿನ ಹೈಕೋರ್ಟು ಹೇಳಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಗ್ರಾಹಕರ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ, ಆದರೆ ಯಾರು ಹೇಗೆ ಮಾತಾಡಬೇಕು ಅನ್ನುವುದನ್ನು ಆಯೋಗ ತನ್ನ ನಿಯಮಗಳಿಂದ ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಅಂದಿತು. ಹಕ್ಕು ನಿಮ್ಮದು, ರೀತಿ ಅವರದ್ದು.

ಹಾಗಾದರೆ ಕಂಪನಿಯನ್ನು ಹಿಡಿದು ಕೇಳುವವರೇ ಇಲ್ಲವಾ? ಇದ್ದಾರೆ, ಆದರೆ ಮೈಕಿನ ಮುಂದೆ ಅಲ್ಲ. ಅರ್ಜಿ ಬಂದ ಕೂಡಲೇ ಆಯೋಗದ ಸಿಬ್ಬಂದಿ ಅದನ್ನು ಪುಟ ಪುಟ ಕೆದಕುತ್ತಾರೆ. ‘ಹೋದ ವರ್ಷ ಈ ಖರ್ಚು ಇಷ್ಟಿತ್ತು, ಈಗ ಯಾಕೆ ಜಾಸ್ತಿ?’, ‘ಈ ಕೋಷ್ಟಕಕ್ಕೂ ಆ ಕೋಷ್ಟಕಕ್ಕೂ ತಾಳೆ ಆಗುತ್ತಿಲ್ಲ’, ‘ಈ ಸಾಲದ ಬಡ್ಡಿಗೆ ಆಧಾರ ಏನು?’ ಅಂತ ಬರೆದು ಕಳಿಸುತ್ತಾರೆ. ಪ್ರಾಥಮಿಕ ಅವಲೋಕನಗಳು ಅಂತ ಇದಕ್ಕೆ ಹೆಸರು. ಕಂಪನಿ ಲಿಖಿತವಾಗಿ ಉತ್ತರ ಕೊಡಲೇಬೇಕು. ಅಸಲಿ ಪಾಟಿ ಸವಾಲು ಅಂತ ಒಂದಿದ್ದರೆ ಅದು ಇದೇ, ಸದ್ದಿಲ್ಲದೆ ನಡೆಯುತ್ತದೆ ಅಷ್ಟೆ. ಆ ಪ್ರಶ್ನೋತ್ತರ ಓದದೆ ವಿಚಾರಣೆಗೆ ಹೋಗಬೇಡಿ. ನೀವು ಕೇಳಬೇಕೆಂದಿದ್ದ ಪ್ರಶ್ನೆಯ ಅರ್ಧ ಅವರೇ ಕೇಳಿರುತ್ತಾರೆ. ಉಳಿದರ್ಧ ಕಂಪನಿಯ ಹಾರಿಕೆಯ ಉತ್ತರದಲ್ಲಿ ಸಿಗುತ್ತದೆ.

ನೀವು ಲಿಖಿತವಾಗಿ ಕೊಟ್ಟ ಆಕ್ಷೇಪಣೆಗೂ ಕಂಪನಿ ಲಿಖಿತ ಉತ್ತರ ಕೊಡಬೇಕು. ದರದ ಆದೇಶ ತೆಗೆದು ನೋಡಿ. ಆಕ್ಷೇಪಣೆ ಏನು, ಕಂಪನಿ ಏನಂದಿತು, ಆಯೋಗದ ಅಭಿಪ್ರಾಯ ಏನು ಅಂತ ಒಂದರ ಪಕ್ಕ ಒಂದು ಇರುತ್ತದೆ. ಮೈಕಿನಲ್ಲಿ ಆಡಿದ ಮಾತು ಅಲ್ಲಿ ಒಂದೇ ಸಾಲಿಗೆ ಇಳಿಯುವುದೇ ಜಾಸ್ತಿ. ಬರೆದು, ಅಫಿಡವಿಟ್ ಲಗತ್ತಿಸಿ, ಪ್ರಕಟಣೆಯಲ್ಲಿ ಹೇಳಿದಷ್ಟು ಪ್ರತಿ ಮಾಡಿ ಕೊಟ್ಟದ್ದಕ್ಕೆ ತೂಕ ಬೇರೆ. ನೀವು ಮೈಕಿನಲ್ಲಿ ಕೇಳಿದ್ದಿರಿ, ಅವರು ಮೈಕಿನಲ್ಲೇ ತೇಲಿಸಿದರು!

ನಿಮ್ಮ ಅಳಿಯಂದಿರ ಮಾತು ಅರ್ಧ ನಿಜ. ಕ್ಯಾಲಿಫೋರ್ನಿಯಾದ ಆಯೋಗದಲ್ಲಿ ಎರಡು ಥರದ ವಿಚಾರಣೆ ಇವೆ. ಒಂದು ನೀವು ಹೋಗಿದ್ದಂಥದ್ದೇ. ಜನ ಬರುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಹೋಗುತ್ತಾರೆ. ಇನ್ನೊಂದು ಸಾಕ್ಷ್ಯದ ವಿಚಾರಣೆ. ಅಲ್ಲಿ ಆಡಳಿತ ನ್ಯಾಯಾಧೀಶರು ಕೂರುತ್ತಾರೆ, ಸಾಕ್ಷಿಗಳು ತಮ್ಮ ಹೇಳಿಕೆಯನ್ನು ಮೊದಲೇ ಬರೆದು ಸಲ್ಲಿಸಿರುತ್ತಾರೆ, ಎದುರು ಪಕ್ಷದವರು ಅವರಿಗೆ ಪಾಟಿ ಸವಾಲು ಹಾಕುತ್ತಾರೆ. ಆದರೆ ಅದು ಬೀದಿಯಿಂದ ಬಂದ ಯಾರಿಗೂ ಸಿಗುವ ಅವಕಾಶ ಅಲ್ಲ. ಆ ಪ್ರಕರಣದಲ್ಲಿ ಪಕ್ಷಗಾರರಾಗಿ ಸೇರಿದವರಿಗೆ ಮಾತ್ರ. ಗ್ರಾಹಕರ ಪರವಾಗಿ ಅಲ್ಲಿ ಸರ್ಕಾರದ್ದೇ ಒಂದು ವಕೀಲರ, ಲೆಕ್ಕ ಪರಿಣತರ ಕಚೇರಿ ಕೆಲಸ ಮಾಡುತ್ತದೆ. ಇದು ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಬರಬೇಕು ಅನ್ನುವುದು ನನ್ನ ಹಳೇ ಕೊರಗು.

ಕೋರ್ಟು ಅಲ್ಲದ ಒಂದು ಸಂಸ್ಥೆ ಸಾಕ್ಷಿಯ ಬಾಯಿ ಬಿಡಿಸಬಹುದಾ ಅನ್ನುವ ಜಗಳವೂ ಅಮೆರಿಕದಲ್ಲಿ ಹಳೆಯದು. 1887ರಲ್ಲಿ ಅಲ್ಲಿ ರೈಲು ದರಗಳ ಮೇಲೆ ಕಣ್ಣಿಡಲು ಒಂದು ಆಯೋಗ ಮಾಡಿದರು. ಷಿಕಾಗೋ ಕಡೆಯ ಕೆಲವು ಸಣ್ಣ ರೈಲು ಕಂಪನಿಗಳನ್ನು ನಡೆಸುತ್ತಿದ್ದ ಬ್ರಿಮ್ಸನ್ ಅನ್ನುವವರನ್ನು ಆಯೋಗ ಕರೆಸಿ, ಈ ರೈಲುಗಳು ನಿಜಕ್ಕೂ ಒಂದು ಉಕ್ಕಿನ ಕಂಪನಿಯದ್ದೇ ತಾನೆ ಅನ್ನುವ ಅರ್ಥದಲ್ಲಿ ಕೇಳಿತು. ಅವರು ಉತ್ತರ ಕೊಡಲ್ಲ ಅಂದರು. 1894ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ದಾರಿ ತೋರಿಸಿತು: ಆಯೋಗ ತಾನೇ ಶಿಕ್ಷೆ ಕೊಡದೆ ಕೋರ್ಟಿಗೆ ಹೋಗಬೇಕು, ಕೋರ್ಟು ಸಾಕ್ಷಿಗೆ ಆಜ್ಞೆ ಮಾಡಬಹುದು. ನಮ್ಮ ಸಂಸತ್ತು ಆ ಸುತ್ತು ಬಳಸಿನ ದಾರಿ ಬಿಟ್ಟು, ಕೋರ್ಟಿನ ಏಣಿಯನ್ನೇ ನೇರವಾಗಿ ಆಯೋಗದ ಕೈಗೆ ಕೊಟ್ಟಿತು.

ಈಗ ಆಯೋಗ ನಿಮ್ಮ ಅರ್ಜಿ ಒಪ್ಪಿ ಸಮನ್ಸ್ ಹೊರಡಿಸಿತು ಅನ್ನೋಣ. ಸಿವಿಲ್ ಕೋರ್ಟಿನಲ್ಲಿ ನಡೆಯುವಂತೆಯೇ ಇಲ್ಲೂ. ಸಾಕ್ಷಿಯನ್ನು ಕರೆಸಲು ಕೇಳಿದವರು ಅವರ ಓಡಾಟದ ಖರ್ಚು, ಭತ್ಯೆ ಕಟ್ಟಬೇಕಾದೀತು. ದೂರದ ಲೆಕ್ಕವೂ ಇದೆ: ಸಾಕ್ಷಿ ವಿಚಾರಣೆಯ ಜಾಗದಿಂದ 100 ಕಿ.ಮೀ. ಒಳಗಿರಬೇಕು, ದಾರಿಯ ಬಹುಪಾಲು ರೈಲು, ಬಸ್ಸು ಇದ್ದರೆ 500 ಕಿ.ಮೀ. ಒಳಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆ ನಿಯಮದಲ್ಲಿ ರೈಲಿನ ಜೊತೆಗೆ ಸ್ಟೀಮರ್ ದೋಣಿಯ ಮಾತೂ ಇದೆ, ಬ್ರಿಟಿಷರ ಕಾಲದ್ದು. ಅದಕ್ಕಿಂತ ದೂರ ಇದ್ದವರಿಗೇ ಕಮಿಷನರ್ ಕಳಿಸುವ ಏರ್ಪಾಡು.

ಬರೀ ದಾಖಲೆ ತನ್ನಿ ಅಂತ ಸಮನ್ಸ್ ಬಂದರೆ ಆ ವ್ಯಕ್ತಿ ತಾನೇ ಬರಬೇಕಾಗಿಲ್ಲ. ಬೇರೆಯವರ ಕೈಲಿ ದಾಖಲೆ ಕಳಿಸಿದರೂ ಸಾಕು. ಆಯೋಗಗಳಿಗೆ ಇದೇ ಇಷ್ಟ, ಕಂಪನಿಗೂ ಕಷ್ಟ ಅನ್ನಿಸುವುದಿಲ್ಲ. ಹಾಗಾಗಿ ದಾಖಲೆ ಕೇಳಿದ ಅರ್ಜಿ ಪಾಸಾಗುವ ಸಂಭವ, ಮನುಷ್ಯನನ್ನು ಕೇಳಿದ ಅರ್ಜಿಗಿಂತ ಜಾಸ್ತಿ.

ಯಾರನ್ನು ಕರೆಸಲಾಗದು? ಇಂಧನ ಸಚಿವರನ್ನು ಖುದ್ದಾಗಿ ಕರೆಸಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ರಾಷ್ಟ್ರಪತಿ, ರಾಜ್ಯಪಾಲರು, ಸಚಿವರು, ನ್ಯಾಯಮೂರ್ತಿಗಳು ಮೊದಲಾದವರಿಗೆ ವಿನಾಯಿತಿ ಕೊಟ್ಟಿದೆ. ಎಂ.ಡಿ. ಐಎಎಸ್ ಅಧಿಕಾರಿಯೇ ಆಗಿದ್ದರೂ ಆ ಪಟ್ಟಿಯಲ್ಲಿಲ್ಲ. ಆದರೆ ಅಧಿಕಾರಿಗಳನ್ನು ಸುಮ್ಸುಮ್ನೆ ಖುದ್ದು ಹಾಜರಿಗೆ ಕರೆಯಬೇಡಿ, ಬೇಕೇ ಆದರೆ ಮೊದಲು ವಿಡಿಯೊ ಮೂಲಕ ನೋಡಿ ಅಂತ 2024ರ ಜನವರಿ 3ರಂದು ಸುಪ್ರೀಂ ಕೋರ್ಟು ನ್ಯಾಯಾಲಯಗಳಿಗೆ ಹೇಳಿದೆ. ಆ ಗಾಳಿ ಆಯೋಗಗಳಿಗೂ ತಟ್ಟುತ್ತದೆ. ‘ಎಂ.ಡಿ. ಯಾಕೆ? ಆ ಲೆಕ್ಕ ಬರೆದ ಎಂಜಿನಿಯರ್ ಸಾಲದಾ?’ ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಬಂದ ಸಾಕ್ಷಿ ಎಲ್ಲದಕ್ಕೂ ಉತ್ತರ ಕೊಡಬೇಕಾ? ತನ್ನ ವಕೀಲರ ಜೊತೆ ಆಡಿದ ಗುಟ್ಟಿನ ಮಾತು ಬಿಟ್ಟುಕೊಡಬೇಕಾಗಿಲ್ಲ. ಆದರೆ ‘ಉತ್ತರ ಕೊಟ್ಟರೆ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆ’ ಅನ್ನುವುದು ನೆಪ ಆಗದು. ಸಾಕ್ಷ್ಯ ಕಾನೂನು ಹೇಳುವುದು ಹೀಗೆ: ಉತ್ತರ ಕೊಡು, ಬಲವಂತವಾಗಿ ಕೊಟ್ಟ ಆ ಉತ್ತರವನ್ನೇ ನಿನ್ನ ವಿರುದ್ಧ ಕ್ರಿಮಿನಲ್ ಕೇಸಿಗೆ ಬಳಸುವುದಿಲ್ಲ. ಸುಳ್ಳು ಹೇಳಿದರೆ ಮಾತ್ರ ಆ ರಕ್ಷಣೆ ಇಲ್ಲ.

ಬಾರದೇ ಹೋದರೆ? ಸಿವಿಲ್ ಸಂಹಿತೆಯ 32ನೇ ಕಲಂನಲ್ಲಿ ವಾರಂಟ್ ಇದೆ, ಆಸ್ತಿ ಜಪ್ತಿ ಇದೆ, 5,000 ರೂಪಾಯಿವರೆಗೆ ದಂಡ ಇದೆ. ದರದ ವಿಚಾರಣೆಯಲ್ಲಿ ಯಾವ ಎಂಜಿನಿಯರನ್ನೂ ವಾರಂಟ್ ಮೇಲೆ ಕರೆತಂದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆಯೋಗದ ಕೈಲಿ ಅದಕ್ಕಿಂತ ಹತ್ತಿರದ ಬೆತ್ತ ಇದೆ, ವಿದ್ಯುತ್ ಕಾಯ್ದೆಯ 142ನೇ ಕಲಂ. ಆಯೋಗದ ನಿರ್ದೇಶನ ಪಾಲಿಸದಿದ್ದರೆ ಪ್ರತಿ ತಪ್ಪಿಗೆ 1 ಲಕ್ಷ ರೂಪಾಯಿವರೆಗೆ, ತಪ್ಪು ಮುಂದುವರಿದರೆ ದಿನಕ್ಕೆ 6,000 ರೂಪಾಯಿವರೆಗೆ. ‘ಇಷ್ಟು ದಿನದಲ್ಲಿ ದಾಖಲೆ ಸಲ್ಲಿಸಿ’ ಅನ್ನುವುದೂ ಒಂದು ನಿರ್ದೇಶನವೇ. ಇನ್ನೂ ಹಟ ಮಾಡಿದರೆ 146ನೇ ಕಲಂ: ಮೂರು ತಿಂಗಳವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಇದನ್ನು ಆಯೋಗವೇ ಕೊಡುವ ಹಾಗಿಲ್ಲ, ದೂರು ಹೋಗಿ ಕ್ರಿಮಿನಲ್ ಕೋರ್ಟು ಕೊಡಬೇಕು. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ 1 ಲಕ್ಷ ಯಾವ ಲೆಕ್ಕ ಅಂತ ನೀವು ಕೇಳಬಹುದು. ದುಡ್ಡಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ನೋಟಿಸು ಅಧಿಕಾರಿಯ ಹೆಸರಿಗೆ ಬಂದಾಗ ಕಚೇರಿಯಲ್ಲಿ ಫೈಲು ಓಡುವ ವೇಗವೇ ಬೇರೆ.

95ನೇ ಕಲಂ ಇನ್ನೊಂದು ಮುಳ್ಳು. ಆಯೋಗದ ಎದುರಿನ ನಡಾವಳಿಯನ್ನು ನ್ಯಾಯಾಲಯದ ನಡಾವಳಿ ಅಂತಲೇ ಎಣಿಸಬೇಕು ಅನ್ನುತ್ತದೆ. ಅಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಅದು ಸುಳ್ಳು ಸಾಕ್ಷ್ಯದ ಅಪರಾಧ. ಹಳೇ ಐಪಿಸಿ 193, ಈಗ ಭಾರತೀಯ ನ್ಯಾಯ ಸಂಹಿತೆಯ 229. ಏಳು ವರ್ಷದವರೆಗೆ ಜೈಲು. ಅಫಿಡವಿಟ್‌ನಲ್ಲಿ ಬರೆದ ಸುಳ್ಳಿಗೂ ಇದೇ ಗತಿ. ಇದು ಎರಡೂ ಕಡೆ ಕೊಯ್ಯುವ ಕತ್ತಿ, ನಿಮ್ಮ ಅಫಿಡವಿಟ್‌ಗೂ ಅನ್ವಯ. ‘ನಮ್ಮೂರಲ್ಲಿ ಒಂದು ದಿನವೂ ಕರೆಂಟ್ ಇರಲಿಲ್ಲ’ ಅಂತ ಸಿಟ್ಟಿನಲ್ಲಿ ಬರೆಯಬೇಡಿ. ಸಭೆಯಲ್ಲೇ ಆಯೋಗವನ್ನು ಅವಮಾನ ಮಾಡಿದರೆ ಅಲ್ಲೇ ದಂಡ ಹಾಕುವ ಅಧಿಕಾರವೂ ಇದೆ. ಹಳೇ ಕ್ರಿಮಿನಲ್ ಸಂಹಿತೆಯಲ್ಲಿ ಅದು 200 ರೂಪಾಯಿ, ಹೊಸದರಲ್ಲಿ 1,000.

ಈಗ ನಿಮ್ಮ ಅಸಲು ಪ್ರಶ್ನೆ, ಪಂಪ್‌ಸೆಟ್ ಲೆಕ್ಕ. ಬಹಳ ಒಳ್ಳೇ ಜಾಗಕ್ಕೆ ಕೈ ಹಾಕಿದ್ದೀರಿ. ನಮ್ಮ ರಾಜ್ಯದಲ್ಲಿ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ದುಡ್ಡು ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕೊಡುತ್ತದೆ. ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಮೀಟರ್ ಇಲ್ಲದ ಮೇಲೆ ಲೆಕ್ಕ ಅಂದಾಜಿನದ್ದೇ ಅಲ್ವಾ? ಇಲ್ಲೇ ಇರುವುದು ವಿಷಯ.

ಸುಮ್ನೆ ಒಂದು ಉದಾಹರಣೆ ಲೆಕ್ಕ ತಗೊಳ್ಳಿ, ಯಾವ ಕಂಪನಿಯದ್ದೂ ಅಲ್ಲ. 100 ಯೂನಿಟ್ ಕೊಂಡರು. ಮನೆ, ಅಂಗಡಿ, ಗಿರಣಿ ಮೀಟರ್‌ಗಳಲ್ಲಿ 60 ಓಡಿತು. ಉಳಿದದ್ದು 40. ಇದರಲ್ಲಿ ಪಂಪ್‌ಸೆಟ್‌ಗೆ 28 ಹೋಯಿತು ಅಂದರೆ ಲೈನ್ ಲಾಸ್, ಅಂದರೆ ದಾರಿಯಲ್ಲೇ ಸೋರಿಹೋದ ಕರೆಂಟು, ಶೇ 12. ಪಂಪ್‌ಸೆಟ್‌ಗೆ 22 ಮಾತ್ರ ಅಂದರೆ ಲಾಸ್ ಶೇ 18. ತಂತಿ ಅದೇ, ಕರೆಂಟು ಅದೇ. ಅಂದಾಜು ಬದಲಾದರೆ ಕಂಪನಿ ಒಳ್ಳೇದೋ ಕೆಟ್ಟದ್ದೋ ಅನ್ನುವುದೇ ಬದಲಾಗುತ್ತದೆ. ಲಾಸ್ ನಿಗದಿ ಮಾಡಿದ್ದಕ್ಕಿಂತ ಜಾಸ್ತಿ ಇದ್ದರೆ ಆ ಹೊರೆಯನ್ನು ಕಂಪನಿಯೇ ಹೊರಬೇಕಾಗಿ ಬರಬಹುದು. ಪಂಪ್‌ಸೆಟ್ ಖಾತೆಗೆ ಬರೆದರೆ ಸಬ್ಸಿಡಿ ಕೇಳಬಹುದು. ಹಾಗಾಗಿ ಪ್ರತಿ ವರ್ಷವೂ ಈ ಅಂಕಿಯ ಸುತ್ತಲೇ ಜಗಳ.

ಆಯೋಗಕ್ಕೂ ಇದು ಗೊತ್ತಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿ ಮನೆಗಳ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನು) ಬೇರೆ, ಪಂಪ್‌ಸೆಟ್‌ಗಳ ಫೀಡರ್ ಬೇರೆ ಮಾಡಿದ ಮೇಲೆ, ಆ ಪಂಪ್‌ಸೆಟ್ ಫೀಡರಿನ ಮೀಟರ್ ಓದಿ ಲೆಕ್ಕ ಕೊಡಿ ಅಂತ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಪಂಪ್‌ಸೆಟ್‌ಗಳನ್ನು ಜಿಪಿಎಸ್ ಹಿಡಿದು ಎಣಿಸಿ ಅಂದಿದೆ. ಬತ್ತಿದ ಬೋರ್‌ವೆಲ್ಲೂ ಪುಸ್ತಕದಲ್ಲಿ ನೀರೆತ್ತುತ್ತಾ ಇರಬಾರದು ಅನ್ನುವುದಕ್ಕೆ. ನಿಮ್ಮ ಪ್ರಶ್ನೆ ಈ ನಿರ್ದೇಶನದ ಮೇಲೆ ಕೂತರೆ ಅದಕ್ಕೆ ಕಾಲು ಬರುತ್ತದೆ.

ಒಂದು ಘಟನೆ ಹೇಳುತ್ತೇನೆ, ಊರು ಕಂಪನಿ ಬೇಡ. ಒಬ್ಬ ಅಡಿಕೆ ಬೆಳೆಗಾರರು ವಿಚಾರಣೆಗೆ ಬಂದಿದ್ದರು. ಕೈಲಿ ಫೈಲು ಇಲ್ಲ, ಗೋಡೆ ಕ್ಯಾಲೆಂಡರಿನಿಂದ ಕಿತ್ತ ಮೂರು ಹಾಳೆ. ಪ್ರತಿ ತಾರೀಖಿನ ಚೌಕದಲ್ಲಿ, ರಾಹುಕಾಲದ ಪಕ್ಕದಲ್ಲೇ, ಪೆನ್ಸಿಲಿನಲ್ಲಿ ತ್ರೀ ಫೇಸ್ ಬಂದ ಹೊತ್ತು, ಹೋದ ಹೊತ್ತು. ಕಂಪನಿಯವರು ದಿನಕ್ಕೆ ಏಳು ಗಂಟೆ ಕೊಟ್ಟಿದ್ದೇವೆ, ಅದರ ಮೇಲೆ ಬಳಕೆ ಇಷ್ಟು ಅಂದಿದ್ದರು. ಇವರ ಕ್ಯಾಲೆಂಡರಿನಲ್ಲಿ ನಾಲ್ಕು, ಐದು, ಕೆಲವು ದಿನ ಮೂರು. ಕಂಪನಿಯವರು ‘ಇದೇನು ದಾಖಲೆನಾ ಸರ್?’ ಅಂತ ನಕ್ಕರು. ಅಧ್ಯಕ್ಷರು ನಗಲಿಲ್ಲ. ‘ದಾಖಲೆ ನಿಮ್ಮ ಹತ್ತಿರ ಇದೆಯಲ್ಲ, ಸಬ್‌ಸ್ಟೇಷನ್ನಿನ ಲಾಗ್‌ಶೀಟು. ಅದನ್ನು ತನ್ನಿ’ ಅಂದರು. ಒಂದು ವಾರದ ನಂತರ ಒಬ್ಬ ಜೆ.ಇ. (ಕಿರಿಯ ಎಂಜಿನಿಯರ್) ಎಣ್ಣೆ ಕಲೆಯಾದ ದೊಡ್ಡ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಗಂಟೆ ಗಂಟೆಗೂ ಆಂಪಿಯರ್ ಬರೆದ ಪುಸ್ತಕ. ಫೀಡರ್ ಬಂದ್ ಆದ ಗಂಟೆಗಳಲ್ಲಿ ಅಡ್ಡಗೀಟು. ಕ್ಯಾಲೆಂಡರಿನ ಪೆನ್ಸಿಲು, ಲಾಗ್‌ಬುಕ್ಕಿನ ಗೀಟು ಬಹುತೇಕ ತಾಳೆ ಆದವು. ಆ ಭಾಗದ ಅಂದಾಜು ಮರು ಲೆಕ್ಕಕ್ಕೆ ಹೋಯಿತು. ಆ ಜೆ.ಇ. ಕಟಕಟೆ ಹತ್ತಲಿಲ್ಲ, ಪ್ರಮಾಣ ಮಾಡಲಿಲ್ಲ, ಪುಸ್ತಕ ಇಟ್ಟು ಕಾಫಿ ಕುಡಿದು ಹೋದರು.

ಹಾಗಾಗಿ ಮುಂದಿನ ಸಲ ನಿಮ್ಮ ಅರ್ಜಿ ಹೀಗಿರಲಿ: ಇಂಥ ಸಬ್‌ಸ್ಟೇಷನ್ನಿನಿಂದ ಹೊರಡುವ ಇಂಥ ಪಂಪ್‌ಸೆಟ್ ಫೀಡರಿನ ಕಳೆದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ತಿಂಗಳುವಾರು ಮೀಟರ್ ರೀಡಿಂಗ್, ಅದರ ಮೇಲೆ ಚಾಲ್ತಿಯಲ್ಲಿರುವ ಪಂಪ್‌ಸೆಟ್‌ಗಳ ಸಂಖ್ಯೆ, ಆ ಸಂಖ್ಯೆ ಎಣಿಸಿದ ದಿನಾಂಕ, ಈ ಮೂರನ್ನೂ ಹಾಜರುಪಡಿಸಲು 94ನೇ ಕಲಂ ಅಡಿ ಕಂಪನಿಗೆ ನಿರ್ದೇಶನ ಕೊಡಬೇಕು. ಎರಡನೇ ಸಾಲು ಹೀಗಿರಲಿ: ದಾಖಲೆ ಬಂದ ಮೇಲೂ ಲೆಕ್ಕ ಹೊಂದದಿದ್ದರೆ ಆ ಕೋಷ್ಟಕಕ್ಕೆ ಅಫಿಡವಿಟ್ ಮಾಡಿದ ಅಧಿಕಾರಿಯನ್ನು ವಿಚಾರಿಸಲು ಅವಕಾಶ ಕೊಡಬೇಕು. ಅಫಿಡವಿಟ್ ಮಾಡಿದವರನ್ನು ಪಾಟಿ ಸವಾಲಿಗೆ ಕರೆಸಲು ಸಿವಿಲ್ ಸಂಹಿತೆಯಲ್ಲೇ ದಾರಿ ಇದೆ. ‘ಇಡೀ ರಾಜ್ಯದ ಹತ್ತು ವರ್ಷದ ಲೆಕ್ಕ ಕೊಡಿ’ ಅಂತ ಮಾತ್ರ ಬರೆಯಬೇಡಿ. ಅಂಥ ಅರ್ಜಿಗೆ ಉತ್ತರ ತಯಾರೇ ಇರುತ್ತದೆ, ‘ಕಾಲಾವಕಾಶ ಬೇಕು’ ಅಂತ.

ಇನ್ನೂ ಬುದ್ಧಿವಂತಿಕೆ ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಆರ್‌ಟಿಐ ಹಾಕುವುದು. ಉತ್ತರಕ್ಕೆ 30 ದಿನದ ಗಡುವು ಇದೆ. ಆಕ್ಷೇಪಣೆಗೂ 30 ದಿನವೇ, ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಕೈಗೆ ಏನೂ ಸಿಗುವುದಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಿರಿಕಿರಿ ಅನ್ನಿಸಿದರೂ ಪ್ರಶ್ನೆಯನ್ನು ಚೂಪು ಮಾಡುವುದಕ್ಕೆ ಒಳ್ಳೇ ಅಭ್ಯಾಸ. ಸಿಕ್ಕ ಉತ್ತರವನ್ನು ಆಕ್ಷೇಪಣೆಗೆ ಲಗತ್ತಿಸಿ. ಕಂಪನಿ ನಿಮಗೆ ಕೊಟ್ಟ ಅಂಕಿ, ಆಯೋಗಕ್ಕೆ ಕೊಟ್ಟ ಅಂಕಿ ಬೇರೆ ಬೇರೆ ಇದ್ದರಂತೂ ಹೆಚ್ಚು ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ದರದ ವಿಚಾರಣೆ ಬಿಟ್ಟು ಬೇರೆ ಬಾಗಿಲೂ ಇವೆ. ಕಂಪನಿ ಆಯೋಗದ ಯಾವುದೋ ನಿರ್ದೇಶನ ಪಾಲಿಸಿಲ್ಲ ಅಂತ ಖಚಿತವಾಗಿ ತೋರಿಸಬಲ್ಲಿರಾದರೆ 142ರ ಅಡಿ ಯಾರು ಬೇಕಾದರೂ ದೂರು ಕೊಡಬಹುದು. ಅಲ್ಲಿ ವಾದಿ ಪ್ರತಿವಾದಿ ಇರುತ್ತಾರೆ, ಸಾಕ್ಷ್ಯ, ಸವಾಲು ಎಲ್ಲ ಕೋರ್ಟಿನ ಹತ್ತಿರಕ್ಕೆ ಬರುತ್ತದೆ. ಕಂಪನಿ ಲೈಸೆನ್ಸಿನ ಷರತ್ತನ್ನೇ ಮುರಿದಿದೆ ಅಂತ ಆಯೋಗಕ್ಕೆ ಅನ್ನಿಸಿದರೆ 128ನೇ ಕಲಂನಲ್ಲಿ ತನಿಖಾಧಿಕಾರಿ ನೇಮಿಸಬಹುದು. ನೀವು ಆಸೆಪಟ್ಟ ದೃಶ್ಯ ನಿಜವಾಗಿ ಇರುವುದು ಇಲ್ಲಿ. ಆ ತನಿಖಾಧಿಕಾರಿ ಎಂ.ಡಿ. ಸೇರಿದಂತೆ ಯಾವ ಅಧಿಕಾರಿಯನ್ನಾದರೂ ಪ್ರಮಾಣ ಮಾಡಿಸಿ ವಿಚಾರಿಸಬಹುದು, ಪುಸ್ತಕಗಳನ್ನು ಮುಂದಿಡುವುದು ಅವರ ಕರ್ತವ್ಯ ಅಂತ ಕಾಯ್ದೆಯಲ್ಲೇ ಬರೆದಿದೆ. ಆದರೆ ಆ ಬಾಗಿಲು ತೆಗೆಯಬೇಕಾದರೆ ದೊಡ್ಡ ಕಾರಣ ಬೇಕು.

ಗಿರಣಿಯ ಬಿಲ್ ತಪ್ಪಾಗಿದೆ, ಮೀಟರ್ ಓಡುತ್ತಿಲ್ಲ ಅನ್ನುವಂಥದ್ದಕ್ಕೆ ಆಯೋಗಕ್ಕೆ ಹೋಗಬೇಡಿ. ಅದಕ್ಕೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಒಬ್ಬೊಬ್ಬ ಗ್ರಾಹಕನ ದೂರು ಆಯೋಗಕ್ಕಲ್ಲ, ವೇದಿಕೆಗೆ ಅಂತ ಮಹಾರಾಷ್ಟ್ರದ ಕೇಸೊಂದರಲ್ಲಿ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ.

ಕೊನೆಗೆ, ಆಯೋಗ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದರೆ? ಲಿಖಿತವಾಗಿ ಹಾಕಿರುವುದರ ಬೆಲೆ ಆಗ ತಿಳಿಯುತ್ತದೆ. ದಾಖಲೆ ಕೇಳಿದ್ದಿರಿ, ಕಾರಣ ಹೇಳದೆ ಬಿಟ್ಟರು ಅನ್ನುವುದು ಕಡತದಲ್ಲಿ ಇರುತ್ತದೆ. ಆದೇಶದ ಪ್ರತಿ ಕೈಸೇರಿದ 45 ದಿನದೊಳಗೆ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕಾನೂನಿನ ದೊಡ್ಡ ಪ್ರಶ್ನೆ ಇದ್ದರೆ ಅಲ್ಲಿಂದ ಸುಪ್ರೀಂ ಕೋರ್ಟಿಗೆ, 60 ದಿನದೊಳಗೆ. ಒಂದು ಗಿರಣಿಯವರು ಒಬ್ಬರೇ ಅಷ್ಟು ದೂರ ಹೋಗುವುದು ಖರ್ಚಿನ ಬಾಬ್ತು. ನಿಮ್ಮ ಗಿರಣಿ ಮಾಲೀಕರ ಸಂಘ ಇದ್ದರೆ ಅದರ ಹೆಸರಿನಲ್ಲೇ ಮೊದಲಿಂದ ಆಕ್ಷೇಪಣೆ ಹಾಕಿ.

ಇನ್ನೊಂದು ವಿಷಯ. 2025ರ ಮಾರ್ಚ್‌ನ ದರದ ಆದೇಶ ಮೂರು ವರ್ಷಕ್ಕೆ ಸೇರಿ ಬಂದಿದೆ. ಹಾಗಂತ ನಡುವಿನ ವರ್ಷಗಳಲ್ಲಿ ಸುಮ್ಮನೆ ಕೂರಬೇಡಿ. ಹೇಳಿದ ಅಂಕಿ ಏನು, ನಿಜಕ್ಕೂ ಆದದ್ದು ಏನು ಅಂತ ತಾಳೆ ನೋಡುವ ವಾರ್ಷಿಕ ಪರಿಶೀಲನೆ ಇರುತ್ತದೆ, ಪಂಪ್‌ಸೆಟ್ ಲೆಕ್ಕ ಅಲ್ಲೂ ಬರುತ್ತದೆ. ನಿಮ್ಮ ಗಿರಣಿ ಪಕ್ಕದ ತೋಟದವರು ಯಾರಾದರೂ ತ್ರೀ ಫೇಸ್ ಬರುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರಾ, ಒಮ್ಮೆ ವಿಚಾರಿಸಿ ನೋಡಿ.